ಸ್ಟೇಷನ್ ಮಾಸ್ಟರ್ ಮರೆತ ಮಾತುಗಳು

ವೇಲಚೇರಿ
8 ಜೂನ್ 2025

ಪ್ರಿಯ ಸದಾನಂದ,

ಕವರಿನ ಮೇಲೆ ನನ್ನ ಹೆಸರು ಕಂಡ ಮೇಲೂ ನೀನು ಇದನ್ನು ಬಿಡಿಸಿ ಓದುತ್ತಿದ್ದೀಯ ಎಂದರೆ ನನ್ನ ಅರ್ಧ ಕೆಲಸ ಆದಂತೆ. ನಾನಿಲ್ಲಿ ಚೆನ್ನಾಗಿದ್ದೇನೆ. ನೀನೂ ವಿಮಲತ್ತಿಗೆಯೂ ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಫೋನ್ ಮಾಡಿದ್ದರೆ ನನ್ನ ದನಿ ಕೇಳಿದ ತಕ್ಷಣ ನೀನು ಇಟ್ಟುಬಿಡುತ್ತಿದ್ದೆ. ಕಾಗದವಾದರೆ ಹಾಗಲ್ಲ. ರೈಲ್ವೆಯಲ್ಲಿ ಮೂವತ್ತಾರು ವರ್ಷ ಫೈಲು ನೋಡಿದವನು ನೀನು, ಓದದೆ ಹರಿದು ಹಾಕಲು ನಿನಗೆ ಕೈ ಬರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಅಟ್ಟ ಖಾಲಿ ಮಾಡುವಾಗ ನಮ್ಮ ‘ಅರಕ್ಕೋಣಂ ಪ್ಯಾಸೆಂಜರ್’ ನಾಟಕದ ವಿಡಿಯೋ ಕ್ಯಾಸೆಟ್ ಸಿಕ್ಕಿತು. ನೀನು ಬರೆದು ಆಡಿಸಿದ್ದು, ನಾನು ಸ್ಟೇಷನ್ ಮಾಸ್ಟರ್ ಆಗಿ ಮೆರೆದದ್ದು, ತೊಂಬತ್ತಾರರ ನವೆಂಬರಿನದು. ಈ ವೇಲಚೇರಿಯಲ್ಲಿ ಎರಡು ಸಲ ಮನೆಯೊಳಗೆ ಮಂಡಿಯುದ್ದ ನೀರು ನುಗ್ಗಿ ಸೋಫಾ, ಬೀರು ಎಲ್ಲ ಹೋದವು. ಇದೊಂದು ಅಟ್ಟದ ಮೇಲಿದ್ದು ಬದುಕಿಕೊಂಡಿತು. ಮಗಳು ಭಾವನಾ ಅದನ್ನು ಟಿ. ನಗರದ ಒಂದು ಅಂಗಡಿಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿ ತಂದಳು. ಎರಡು ಗಂಟೆ ನಲವತ್ತೇಳು ನಿಮಿಷದ ಒಂದೇ ಉದ್ದನೆಯ ಫೈಲು. ಆ ಕ್ಯಾಮೆರಾದವನು ಒಂದು ಸಲವೂ ನಿಲ್ಲಿಸಿಲ್ಲ. ಇಂಟರ್ವಲ್ಲಿನಲ್ಲಿ ಹದಿನೈದು ನಿಮಿಷ ಬರೀ ಪರದೆಯದೇ ಚಿತ್ರ ತೆಗೆದಿದ್ದಾನೆ. ಪರದೆಯ ಕೆಳಗೆ ವೇಷದಲ್ಲಿದ್ದ ಗುರುಚರಣನ ಕಾಲು ಓಡಾಡುವುದು ಕಾಣುತ್ತದೆ.

ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಟಿವಿಯ ಮುಂದೆ ಕೊಳೆಯುತ್ತಿದ್ದೇನೆಂದು ಭಾವನಾ ನನ್ನ ಲ್ಯಾಪ್‌ಟಾಪಿಗೆ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಾಳೆ. ಇಡೀ ನಾಟಕ ಅದರ ಪರದೆಯ ಕೆಳಗಡೆ ಒಂದು ಉದ್ದ ಪಟ್ಟಿಯಾಗಿ ಮಲಗಿರುತ್ತದೆ. ಬ್ಲೇಡಿನ ಚಿತ್ರವಿರುವ ಗುಂಡಿ ಒತ್ತಿ, ಬೇಕಾದ ಕಡೆ ಮುಟ್ಟಿದರೆ ಅಲ್ಲಿಗೆ ಎರಡು ತುಂಡು. ಮೊದಲ ದಿನ ಬೆಂಚಿನ ದೃಶ್ಯದಲ್ಲಿ ಜಯಲಕ್ಷ್ಮಿ ಗೊಳೋ ಎಂದು ಅಳುತ್ತಿದ್ದ ಹಾಗೆಯೇ ಮಧ್ಯಕ್ಕೆ ಕತ್ತರಿಸಿಬಿಟ್ಟೆ. ಈಗ ಕೈ ಪಳಗಿದೆ.

ನನ್ನ ಆಸೆ ಇಷ್ಟೇ. ಯಾರ ಯಾರ ದೃಶ್ಯಗಳಿವೆಯೋ ಅವರವರಿಗೆ ಚಿಕ್ಕ ಚಿಕ್ಕ ಕ್ಲಿಪ್ ಮಾಡಿ ಕಳಿಸಬೇಕು. ತಿರುಮಲ ತೀರಿಕೊಂಡ ಸುದ್ದಿ ಪೇಪರಿನಲ್ಲಿ ನೋಡಿದೆ, ಅವನ ಮಕ್ಕಳಿಗಾದರೂ ಸಿಗಲಿ. ಆದರೆ ಒಬ್ಬರ ವಿಳಾಸವೂ ನನ್ನಲ್ಲಿಲ್ಲ. ಆ ತಂಡದಿಂದ ನಾನು ಹೇಗೆ ಹೊರಬಿದ್ದೆ ಎಂಬುದು ನಿನಗೆ ಗೊತ್ತು. ನಿನ್ನ ಡೈರಿಯಲ್ಲಿ ಎಲ್ಲರೂ ಇರುತ್ತಾರೆ. ಕೊಡುತ್ತೀಯಾ?

ಇನ್ನೂ ನಿನ್ನವನೇ ಎಂದು ಬರೆದುಕೊಳ್ಳುವ,
ಉಪೇಂದ್ರ


ಮೈಲಾಪೂರ್
21 ಜೂನ್ 2025

ಶ್ರೀ ಉಪೇಂದ್ರ ಅವರಿಗೆ,

ತಮ್ಮ ಪತ್ರ ತಲುಪಿತು. ಕೇಳಿದ ವಿಳಾಸಗಳನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಜಯಲಕ್ಷ್ಮಿಯವರು ಈಗ ಮಗನೊಂದಿಗೆ ತಾಂಬರಮ್ಮಿನಲ್ಲಿದ್ದಾರೆ. ಗುರುಚರಣ ಅವರಿಗೆ ಕಣ್ಣು ಮಂಜಾಗಿದೆ, ದೊಡ್ಡ ಪರದೆಯಲ್ಲಿ ತೋರಿಸಬೇಕಾದೀತು.

ಒಂದು ವಿಷಯ ತಿಳಿಸಿದರೆ ಉಪಕಾರವಾಗುತ್ತದೆ. ಆ ಕ್ಯಾಸೆಟ್ಟಿನಲ್ಲಿ ಧ್ವನಿ ಹೇಗಿದೆ? ಎಲ್ಲವೂ ಕೇಳಿಸುತ್ತದೆಯೇ?

ಸಾಧ್ಯವಾದರೆ ನನಗೂ ಒಂದು ಪ್ರತಿ ಕಳಿಸಿ.

ಇಂತಿ,
ಸದಾನಂದ


ವೇಲಚೇರಿ
4 ಜುಲೈ 2025

ಪ್ರಿಯ ಸದಾನಂದ,

‘ಶ್ರೀ’ಯಂತೆ, ‘ತಮ್ಮ’ ಅಂತೆ! ಒಂದೇ ಎಲೆಯಲ್ಲಿ ಉಂಡ ಗೆಳೆಯನಿಗೆ ಆಫೀಸಿನ ಮೆಮೋ ಬರೆದಿದ್ದೀಯಲ್ಲೋ. ಇರಲಿ, ಬರೆದೆಯಲ್ಲ, ಅದೇ ಸಂತೋಷ. ಕಾಗದ ಬಂದ ದಿನ ಭಾವನಾಗೆ ಮೂರು ಸಲ ಓದಿ ಹೇಳಿದೆ.

ನೀನು ಧ್ವನಿಯ ವಿಷಯ ಕೇಳಿದ ಕೂಡಲೇ ನಿನ್ನ ಮನಸ್ಸಿನಲ್ಲಿರುವುದು ನನಗೆ ತಿಳಿಯಿತು. ನಾಟಕ ಆಡಿದ ಆ ಹಾಲಿನಲ್ಲಿ ಕರೆಂಟಿನ ಪ್ಲಗ್ಗು ಇದ್ದದ್ದು ರಂಗದ ಎಡಗಡೆಯ ವಿಂಗಿನ ಪಕ್ಕದಲ್ಲಿ ಮಾತ್ರ, ಕ್ಯಾಮೆರಾದವನ ವೈರು ಮೊಳದುದ್ದ. ಹಾಗಾಗಿ ಅವನು ಅಲ್ಲೇ ನಿಂತ. ಕ್ಯಾಮೆರಾದ ಕೆಳಗೇ ಸ್ಟೂಲಿನ ಮೇಲೆ ಹಸ್ತಪ್ರತಿ, ಟಾರ್ಚು ಹಿಡಿದುಕೊಂಡು ವಿಮಲತ್ತಿಗೆ. ನಾವು ಮಾತು ಮರೆತಾಗಲೆಲ್ಲ ಅವರು ಎತ್ತಿಕೊಟ್ಟದ್ದು ನಮ್ಮ ಮಾತಿಗಿಂತ ದೊಡ್ಡದಾಗಿ ರೆಕಾರ್ಡ್ ಆಯಿತು. ಬೆಂಗಳೂರಿನ ಸ್ಪರ್ಧೆಗೆ ಕಳಿಸಬೇಕೆಂದಿದ್ದ ಕ್ಯಾಸೆಟ್ಟು. ತಂಡದವರೆಲ್ಲ ಕೂತು ನೋಡಿ ನಕ್ಕರು. ಆಗ ನಾನು ಎಲ್ಲರೆದುರು ಅಂದದ್ದನ್ನು ಮತ್ತೆ ಇಲ್ಲಿ ಬರೆಯಲಾರೆ.

ಆದ್ದರಿಂದ ನಿನಗೆ ಕಳಿಸುತ್ತಿರುವ ಈ ಪೆನ್ ಡ್ರೈವಿನಲ್ಲಿ ಆ ತೊಂದರೆಯೇ ಇಲ್ಲ. ನಾನು ಹತ್ತು ದಿನ ಕೂತು ಸರಿ ಮಾಡಿದ್ದೇನೆ. ಈ ಸಾಫ್ಟ್‌ವೇರಿನಲ್ಲಿ ಧ್ವನಿ ಕಣ್ಣಿಗೂ ಕಾಣುತ್ತದೆ, ದಿಬ್ಬ ದಿಬ್ಬವಾಗಿ. ನಮ್ಮ ಮಾತು ಇರುವೆ ಗೂಡಿನಷ್ಟು, ಅತ್ತಿಗೆಯದು ಅದರ ಎರಡರಷ್ಟು ಎತ್ತರ. ಹಾಗೆ ಎತ್ತರ ಕಂಡಲ್ಲೆಲ್ಲ ಮುಂದೊಂದು ಹಿಂದೊಂದು ಕಡೆ ತುಂಡರಿಸಿ, ಆ ತುಂಡಿನ ಧ್ವನಿಯನ್ನು ಮಾತ್ರ ಅಳಿಸಿದೆ. ಚಿತ್ರ ಹಾಗೆಯೇ ಓಡುತ್ತದೆ. ನನ್ನ ಪಾತ್ರದಲ್ಲೇ ನಲವತ್ತೊಂದು ಕಡೆ! ಅಷ್ಟು ಕಡೆಯೂ ನಾನು ಬಾಯಿಬಿಟ್ಟುಕೊಂಡು ಹತ್ತು ಹದಿನೈದು ಸೆಕೆಂಡು ನಿಂತಿರುತ್ತೇನೆ. ನೋಡಿದವರು ಅಭಿನಯ ಅಂದುಕೊಳ್ಳಲಿ ಬಿಡು.

ಈಗ ಇದನ್ನು ಯಾರೂ ನಗದೆ ನೋಡಬಹುದು. ಅತ್ತಿಗೆಗೂ ತೋರಿಸು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಮಾಡಬೇಕಿದ್ದ ರಿಪೇರಿ ಎಂದು ಹೇಳು.

ನಿನ್ನ,
ಉಪೇಂದ್ರ


ಮೈಲಾಪೂರ್
15 ಜುಲೈ 2025

ಉಪೇಂದ್ರ,

ನೀನು ಬದಲಾಗಿಲ್ಲ. ಯಾರೋ ಒಂದು ಮಾತು ಕೇಳಿದರೆ ಪೂರ್ತಿ ಕೇಳಿಸಿಕೊಳ್ಳದೆ ಓಡುವವನು ಅಂದಿಗೂ ನೀನೇ, ಇಂದಿಗೂ ನೀನೇ. ಧ್ವನಿ ಕೇಳಿಸುತ್ತದೆಯೇ ಎಂದು ನಾನು ಕೇಳಿದ್ದು ಕೇಳಿಸಲಿ ಎಂಬ ಆಸೆಯಿಂದ.

ಜನವರಿ ಹನ್ನೊಂದನೆಯ ತಾರೀಖು ಬೆಳಿಗ್ಗೆ ವಿಮಲಾ ಕಾಫಿ ಸೋಸುತ್ತಿದ್ದವಳು ಹಾಗೆಯೇ ಕುಸಿದಳು. ಮೆದುಳಿಗೆ ಆದ ಆಘಾತ. ಜೀವ ಉಳಿಯಿತು, ಬಲಗೈ ಅರ್ಧ ಬಂದಿದೆ, ಕೋಲು ಹಿಡಿದು ನಡೆಯುತ್ತಾಳೆ. ಮಾತು ಹೋಗಿದೆ. ನಾವು ಹೇಳುವುದೆಲ್ಲ ತಿಳಿಯುತ್ತದೆ. ಅವಳಿಗೆ ಹೇಳಲು ಆಗುವುದು ‘ಅದು, ಅದು’ ಎಂಬ ಒಂದೇ ಮಾತು. ನೀರು ಬೇಕಾದರೂ ಅದು, ಫ್ಯಾನ್ ಬೇಕಾದರೂ ಅದು, ನನ್ನನ್ನು ಕರೆಯುವುದೂ ಅದು. ಸ್ಪೀಚ್ ಥೆರಪಿಗೆ ವಂದನಾ ಎಂಬ ಹುಡುಗಿ ವಾರಕ್ಕೆ ಎರಡು ಸಲ ಬಂದು ಚಿತ್ರ ತೋರಿಸಿ ಹೆಸರು ಹೇಳಿಸಲು ನೋಡುತ್ತಾಳೆ. ಆರು ತಿಂಗಳಾಯಿತು. ಈಗೀಗ ವಿಮಲಾ ಚಿತ್ರದ ಕಾರ್ಡು ನೋಡಿದರೆ ಮುಖ ತಿರುಗಿಸುತ್ತಾಳೆ.

ಅವಳ ದನಿ ಕೇಳಬೇಕೆಂದು ನಾನು ಮನೆಯೆಲ್ಲ ಹುಡುಕಿದೆ. ಎಲ್ಲಿಯೂ ಇಲ್ಲ. ಮಗಳ ಮದುವೆಯ ವಿಡಿಯೋದಲ್ಲಿ ಬರೀ ನಾಗಸ್ವರ. ಫೋನಿನಲ್ಲಿ ಅವಳು ಒಂದು ದಿನವೂ ಧ್ವನಿ ಕಳಿಸಿದವಳಲ್ಲ. ಯಾಕೆ ಎಂದು ನಿನಗೆ ಗೊತ್ತಾಗಬೇಕು. ಆ ದಿನ ನೀನು ಎಲ್ಲರೆದುರು, ‘ನಾಟಕ ನೋಡಕ್ ಬಂದೋರಿಗೆ ಇವರ ಗಂಟಲು ಕೇಳಿಸಿ ಕಳಿಸಿದ ಹಾಗಾಯ್ತು’ ಅಂದೆಯಲ್ಲ, ಅಂದಿನಿಂದ ಅವಳು ದನಿ ಎತ್ತಲಿಲ್ಲ. ಮೂರನೆಯ ಮಹಡಿಯಿಂದ ತರಕಾರಿಯವನನ್ನು ಕೂಗುತ್ತಿದ್ದವಳು ಕೂಗುವುದನ್ನು ಬಿಟ್ಟು ಮೆಟ್ಟಿಲಿಳಿದು ಹೋಗುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷ ನನ್ನ ಮನೆಯಲ್ಲಿ ಪಿಸುಮಾತು.

ಅವಳು ಗಟ್ಟಿಯಾಗಿ ಮಾತಾಡಿದ್ದು ಉಳಿದಿದ್ದರೆ ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನೂ ನೀನು ಹತ್ತು ದಿನ ಕೂತು ಒಂದೊಂದಾಗಿ ಅಳಿಸಿದ್ದೀಯ. ಮೂಲ ಉಳಿದಿದೆಯೋ, ಅದನ್ನೂ ಕತ್ತರಿಸಿ ಹಾಕಿದೆಯೋ? ಇಷ್ಟಕ್ಕೆ ಉತ್ತರ ಬರೆ, ಸಾಕು.

ಸದಾನಂದ


ವೇಲಚೇರಿ
18 ಜುಲೈ 2025

ಸದಾನಂದ,

ಮೂಲ ಇದೆ. ಮೊದಲು ಅದನ್ನು ಹೇಳಿ ಮುಂದಿನದು. ನಾನು ತುಂಡರಿಸಿದ್ದೆಲ್ಲ ನಿಜವಾಗಿಯೇ ತುಂಡಾಯಿತೆಂದು ನಂಬಿದವನು. ನಿನ್ನ ಕಾಗದ ಓದಿ, ಭಾವನಾ ಆಫೀಸಿನಿಂದ ಬರುವವರೆಗೆ ಲ್ಯಾಪ್‌ಟಾಪ್ ಮುಟ್ಟಲೂ ಹೆದರಿ ಕುಳಿತಿದ್ದೆ. ಅವಳು ಬಂದವಳೇ, ‘ಅಪ್ಪಾ, ನೀ ಎಷ್ಟ್ ಕಟ್ ಮಾಡಿದ್ರೂ ಒರಿಜಿನಲ್‌ಗೆ ಒಣ್ಣುಮೇ ಆಗಾದು, ಏನೂ ಆಗಲ್ಲ. ಸುಮ್ನೆ ಅಳಬೇಡ’ ಅಂದಳು. ಸಾಫ್ಟ್‌ವೇರಿನಲ್ಲಿ ನಾವು ಕತ್ತರಿಸುವುದು ಎಲ್ಲಿಂದ ಎಲ್ಲಿಗೆ ತೋರಿಸಬೇಕೆಂಬ ಗುರುತು ಅಷ್ಟೇ ಅಂತೆ. ಹಿಂದೆ ಇಡೀ ಫೈಲು ಹಾಗೇ ಇರುತ್ತದೆ. ತೆರೆದು ತೋರಿಸಿದಳು. ಅತ್ತಿಗೆಯ ದನಿ ಕೇಳಿತು. ನಾನು ಅತ್ತದ್ದು ನಿಜ, ಅವಳು ಉತ್ಪ್ರೇಕ್ಷೆ ಮಾಡಲಿಲ್ಲ.

ಆ ರಾತ್ರಿಯೆಲ್ಲ, ಮಾರನೆಯ ದಿನವೆಲ್ಲ ಕೂತು ಈ ಸಲ ಉಲ್ಟಾ ಕೆಲಸ ಮಾಡಿದೆ. ನಮ್ಮೆಲ್ಲರ ದನಿಯನ್ನೂ ಅಳಿಸಿ, ಅತ್ತಿಗೆ ಮಾತಾಡಿದ ತುಂಡುಗಳನ್ನು ಮಾತ್ರ ಎತ್ತಿ ಸಾಲಾಗಿ ಜೋಡಿಸಿದೆ. ಹನ್ನೊಂದು ನಿಮಿಷ ಬಂತು. ಇದರ ಜೊತೆಗಿರುವ ಪೆನ್ ಡ್ರೈವಿನಲ್ಲಿದೆ.

ಸದಾನಂದ, ಅದನ್ನು ಜೋಡಿಸುವಾಗ ನನಗೆ ನಾಚಿಕೆಯಾಯಿತು. ಜಯಲಕ್ಷ್ಮಿಗೆ ಅವರು ಎತ್ತಿಕೊಟ್ಟದ್ದು ಎರಡೇ ಸಲ. ಗುರುಚರಣನಿಗೆ ನಾಲ್ಕು. ಮಿಕ್ಕದ್ದೆಲ್ಲ ನನಗೆ. ಆಫೀಸಿನ ನೆಪ ಹೇಳಿ ಅರ್ಧಕ್ಕರ್ಧ ರಿಹರ್ಸಲ್ ತಪ್ಪಿಸಿಕೊಂಡವನು ನಾನು. ಆ ಸ್ಟೇಷನ್ ಮಾಸ್ಟರು ಎರಡೂಮುಕ್ಕಾಲು ಗಂಟೆ ರಂಗದ ಮೇಲೆ ನಿಂತದ್ದು ಅವರ ಗಂಟಲಿನ ಬಲದಿಂದ. ನಾಟಕವನ್ನು ಕೆಡಿಸಿದ್ದು ನನ್ನ ಸೋಮಾರಿತನ, ಬೈಸಿಕೊಂಡದ್ದು ಅವರು. ಇದನ್ನು ತಿಳಿಯಲು ನನಗೆ ಒಂದು ಕಂಪ್ಯೂಟರು ಬೇಕಾಯಿತು ನೋಡು.

ನಿನ್ನ,
ಉಪೇಂದ್ರ


ಮೈಲಾಪೂರ್
24 ಆಗಸ್ಟ್ 2025

ಉಪೇಂದ್ರ,

ತಡವಾಗಿ ಬರೆಯುತ್ತಿದ್ದೇನೆ, ಬರೆಯಲು ಮನಸ್ಸಾಗಲಿಲ್ಲ. ನೀನು ಕಳಿಸಿದ ಹನ್ನೊಂದು ನಿಮಿಷವನ್ನು ನಾನು ಬಾಲ್ಕನಿಯಲ್ಲಿ ಕೂತು, ಕಿವಿಗೆ ಸಿಕ್ಕಿಸಿಕೊಂಡು ಒಬ್ಬನೇ ಕೇಳಿದೆ. ಎಷ್ಟು ಸಲ ಕೇಳಿದೆ ಎಂದು ಹೇಳುವುದಿಲ್ಲ. ಇದಕ್ಕೆ ನಿನಗೆ ಋಣಿ.

ಅವಳಿಗೂ ಕೇಳಿಸಿದೆ. ಅವಳದೇ ದನಿ ಕೇಳಿದರೆ ನಾಲಗೆ ಹೊರಳೀತು ಎಂದು ವಂದನಾಳೂ ಹೇಳಿದ್ದಳು. ವಿಮಲಾ ಸ್ವಲ್ಪ ಹೊತ್ತು ಕೇಳಿದಳು. ಯಾರ ದನಿ ಎಂದು ಗೊತ್ತಾದ ಕೂಡಲೇ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ‘ಅದು, ಅದು’ ಎನ್ನುತ್ತ ಟಿವಿಯ ಕಡೆ ಕೈ ಬೀಸಿದಳು. ಆರಿಸಿದೆ. ಆ ದಿನ ಊಟ ಮಾಡಲಿಲ್ಲ. ಮುಂದಿನ ವಾರ ಥೆರಪಿಗೂ ಕೂರಲಿಲ್ಲ. ವಂದನಾ ಇನ್ನು ಬರುವುದರಲ್ಲಿ ಅರ್ಥವಿಲ್ಲವೇನೋ, ನವರಾತ್ರಿ ಕಳೆದ ಮೇಲೆ ನಿಲ್ಲಿಸೋಣ ಅಂದಿದ್ದಾಳೆ.

ನಿನ್ನ ಮೇಲೆ ಈಗ ಸಿಟ್ಟಿಲ್ಲ. ಸಿಟ್ಟು ಮಾಡಲು ಪುರುಸೊತ್ತಿಲ್ಲ. ಅವಳ ಜಡೆ ಹೆಣೆಯಲು ಕಲಿತಿದ್ದೇನೆ. ಅದರಲ್ಲೂ ಒಂದು ಎಳೆ ಯಾವಾಗಲೂ ಹೊರಗೆ ಉಳಿಯುತ್ತದೆ.

ಸದಾನಂದ


ವೇಲಚೇರಿ
30 ಆಗಸ್ಟ್ 2025

ವಿಮಲತ್ತಿಗೆಗೆ,

ಈ ಕಾಗದ ನಿಮಗೆ. ಸದಾನಂದ ಓದಿ ಹೇಳಲಿ. ಅವನು ಮಧ್ಯೆ ತನ್ನ ಮಾತು ಸೇರಿಸಿದರೆ ಅದು ನನ್ನದಲ್ಲ.

ಅತ್ತಿಗೇ, ನಾನು ಆ ದಿನ ಆಡಿದ್ದು ಸುಳ್ಳು. ನಿಮ್ಮ ಗಂಟಲಿಗೆ ಏನೂ ಆಗಿರಲಿಲ್ಲ. ನನಗೆ ಮಾತು ಬಾಯಿಪಾಠ ಆಗಿರಲಿಲ್ಲ. ಎಲ್ಲರೂ ನಕ್ಕಾಗ ನನಗೆ ಅವಮಾನವಾಯಿತು, ಅದನ್ನು ತಂದು ನಿಮ್ಮ ತಲೆಗೆ ಕಟ್ಟಿದೆ. ಮಾರನೆಯ ದಿನವೇ ಬಂದು ತಪ್ಪಾಯಿತು ಎನ್ನಬೇಕಿತ್ತು. ನಿಮ್ಮ ಮನೆಯ ಮೆಟ್ಟಿಲಿನವರೆಗೆ ಬಂದೂ ಇದ್ದೆ. ಒಳಗಿಂದ ಕಾಫಿಯ ವಾಸನೆ ಬಂತು, ನೀವು ನನಗೂ ಒಂದು ಲೋಟ ಕೊಟ್ಟುಬಿಟ್ಟರೆ ಮುಖ ಎಲ್ಲಿಡಲಿ ಎಂದು ಹಿಂದಿರುಗಿದೆ. ಆಮೇಲೆ ದಿನಗಳು ಸೇರಿ ವರ್ಷಗಳಾದವು.

ನೀವು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ತಪ್ಪು ಯಾರದೆಂದು ನಿಮಗೆ ಗೊತ್ತಿರಲಿ, ಅಷ್ಟೇ. ನಿಮ್ಮದು ಒಳ್ಳೆಯ ದನಿ. ಕೊನೆಯ ಸಾಲಿನವರೆಗೂ ಕೇಳುತ್ತಿತ್ತು.

ನಿಮ್ಮ ಮೈದುನ,
ಉಪೇಂದ್ರ


ಮೈಲಾಪೂರ್
3 ಅಕ್ಟೋಬರ್ 2025

ಪ್ರಿಯ ಉಪೇಂದ್ರ,

ನಿನ್ನ ಕಾಗದವನ್ನು ಅವಳಿಗೆ ಎರಡು ಸಲ ಓದಿದೆ. ಒಂದಕ್ಷರ ಸೇರಿಸಲಿಲ್ಲ. ಕೇಳಿದ ಮೇಲೆ ಕೈ ಚಾಚಿ ಕಾಗದ ಇಸಿದುಕೊಂಡು ದಿಂಬಿನ ಕೆಳಗಿಟ್ಟುಕೊಂಡಳು. ಅದನ್ನು ಆಗಲೇ ನಿನಗೆ ತಿಳಿಸಬೇಕಿತ್ತು. ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಿಧಾನವಾಗಿ ಓದು, ಓಡಬೇಡ.

ಈ ಸಲ ಗೊಂಬೆ ಕೂರಿಸಿದ್ದು ಮೂರೇ ಮೆಟ್ಟಿಲು, ಅದೂ ನಾನೇ. ಆಯುಧಪೂಜೆಯ ದಿನ ಮಧ್ಯಾಹ್ನ ಜಯಲಕ್ಷ್ಮಿ ಅರಿಶಿನ ಕುಂಕುಮಕ್ಕೆಂದು ತಾಂಬರಮ್ಮಿನಿಂದ ಬಂದಳು. ನೀನು ಕಳಿಸಿದ ಕ್ಲಿಪ್ಪು ಅವಳ ಮಗನ ಫೋನಿನಲ್ಲಿ ಸಿಕ್ಕಿಕೊಂಡಿದೆಯಂತೆ, ದೊಡ್ಡ ಟಿವಿಯಲ್ಲಿ ನೋಡಬೇಕೆಂದು ಹಟ ಹಿಡಿದಳು. ನಾನು ನೀನು ಮೊದಲು ಕಳಿಸಿದ ಪೆನ್ ಡ್ರೈವ್ ತೆಗೆದು ಹಾಕಿದೆ, ವಿಮಲಾಳ ದನಿ ಅಳಿಸಿದ್ದು. ಅದಾದರೆ ಅವಳಿಗೆ ನೋವಾಗುವುದಿಲ್ಲ ಎಂದು. ಅವಳು ನಮ್ಮ ಹಿಂದೆ ಕುರ್ಚಿಯಲ್ಲಿದ್ದಳು. ಹೂವು ಕಟ್ಟಲು ಎಡಗೈಗೆ ಅಭ್ಯಾಸ ಮಾಡಿಸುತ್ತಿದ್ದೇವೆ, ಅದನ್ನೇ ಹಿಡಿದುಕೊಂಡು ಕೂತಿದ್ದಳು.

ಎರಡನೆಯ ಅಂಕ. ಜಯಲಕ್ಷ್ಮಿ ಬೆಂಚಿನ ಮೇಲೆ ಅಳುತ್ತಾಳೆ, ನೀನು ಟೋಪಿ ಹಾಕಿಕೊಂಡು ಗತ್ತಿನಿಂದ ಬರುತ್ತೀಯ. ಪ್ಲಾಟ್‌ಫಾರ್ಮಿನಲ್ಲಿ ಬಿದ್ದಿರುವ ಪೆಟ್ಟಿಗೆ ನೋಡುತ್ತೀಯ. ಅಲ್ಲಿಗೆ ನಿನ್ನ ತಲೆ ಖಾಲಿ. ಬಾಯಿ ತೆರೆದೇ ಇದೆ, ಮಾತಿಲ್ಲ. ಜಯಲಕ್ಷ್ಮಿ, ‘ಅಯ್ಯೋ ಪಾವಂ, ಇವನ ಮುಖ ನೋಡ್ರೀ, ಪೂರಾ ಮರ್ತೇಹೋಗಿದಾನೆ’ ಎಂದು ನಕ್ಕಳು.

ಹಿಂದಿನಿಂದ, ‘ಈ ಟ್ರಂಕು ಯಾರ್ದು?’ ಅಂತ ಕೇಳಿಸಿತು.

ನಾನು ಟಿವಿಯಿಂದ ಬಂತೆಂದು ತಿಳಿದೆ. ಆದರೆ ಅದು ದಪ್ಪ ನಾಲಗೆಯ, ತೊದಲು ದನಿ. ಜಯಲಕ್ಷ್ಮಿ ನನ್ನ ತೋಳು ಹಿಡಿದುಕೊಂಡಳು. ಇಬ್ಬರೂ ತಿರುಗಲಿಲ್ಲ, ತಿರುಗಿದರೆ ನಿಂತುಹೋದೀತೆಂಬ ಹೆದರಿಕೆ. ನಾಟಕ ಮುಂದೆ ಓಡಿತು. ಮತ್ತೆ ನೀನು ಮರೆತೆ. ವಿಮಲಾ ಏನೂ ಅನ್ನಲಿಲ್ಲ. ಅದರ ಮುಂದಿನದಕ್ಕೆ, ‘ಸಿಗ್ನಲ್ ಬಿದ್ದಿಲ್ಲ, ಸಿಗ್ನಲ್’ ಅಂದಳು. ಮತ್ತೊಂದು ಕಡೆ ಮಾತು ಅರ್ಧಕ್ಕೆ ತೊಡರಿತು. ಆಗ ಅವಳಿಗೆ ರೇಗಿಹೋಯಿತು ಕಣೋ. ಕುರ್ಚಿಯ ಕೈಯ ಮೇಲೆ ಪಟಪಟ ಬಡಿದು, ಟಿವಿಯಲ್ಲಿ ಪೆದ್ದನ ಹಾಗೆ ನಿಂತಿರುವ ನಿನ್ನನ್ನು ನೋಡಿ, ಗಟ್ಟಿಯಾಗಿ, ‘ಹೇಳೋ!’ ಅಂದಳು.

ಉಪೇಂದ್ರ, ‘ಹೇಳೋ’ ಎಂಬುದು ನಾನು ಬರೆದ ನಾಟಕದಲ್ಲಿಲ್ಲ. ಬೇಕಾದರೆ ಹಸ್ತಪ್ರತಿ ತೋರಿಸುತ್ತೇನೆ. ಅದು ಅವಳದೇ ಮಾತು. ಒಂಬತ್ತು ತಿಂಗಳಲ್ಲಿ ಅವಳು ಒಬ್ಬರಿಗೆ ಆಡಿದ ಮೊದಲ ಮಾತು, ಅದೂ ನಿನಗೆ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ವಂದನಾ ಇಂದು ಬಂದು ನೋಡಿದಳು. ಮನಸ್ಸಿನಲ್ಲಿ ಚೆನ್ನಾಗಿ ಕೂತ ಮಾತು ಕೆಲವರಿಗೆ ಹೀಗೆ ತಾನಾಗಿ ಹೊರಗೆ ಬರುತ್ತದೆಯಂತೆ. ಎಲ್ಲ ಬಂತೆಂದು ತಿಳಿಯಬೇಡಿ ಸಾರ್ ಅಂದಳು. ನಿಜವೇ. ಬೆಳಿಗ್ಗೆ ವಿಮಲಾ ನೀರು ಕೇಳಿದ್ದು ‘ಅದು’ ಎಂದೇ. ಆದರೆ ಥೆರಪಿ ನಿಲ್ಲಿಸುವ ಮಾತು ವಂದನಾಳೂ ಎತ್ತಲಿಲ್ಲ. ಕಾರ್ಡು ತೋರಿಸಿ ಕೇಳಿದರೆ ಪರೀಕ್ಷೆ ಅನ್ನಿಸಿ ಬಾಯಿ ಕಟ್ಟುತ್ತದೆ, ಯಾರಾದರೂ ಮಾತಿಗೆ ತಡಕಾಡುತ್ತಿದ್ದರೆ ಮಾತ್ರ ವಿಮಲಾಳಿಗೆ ತಡೆಯಲಾಗುವುದಿಲ್ಲ ಎಂದು ನನಗೆ ಕಾಣುತ್ತದೆ. ನಾನು ಪ್ರಯತ್ನಿಸಿದೆ. ಮರೆತವನಂತೆ ನಟಿಸಿದರೆ ಅವಳಿಗೆ ಕೂಡಲೇ ಗೊತ್ತಾಗುತ್ತದೆ, ನಗುತ್ತಾಳೆ. ನಾನು ಬರೆದವನು, ನನಗೆ ಎಲ್ಲ ಬಾಯಿಪಾಠ.

ಆದ್ದರಿಂದ ಇನ್ನು ಪೆನ್ ಡ್ರೈವ್ ಕಳಿಸಬೇಡ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೀನೇ ಬಾ. ಹಸ್ತಪ್ರತಿ ಅವಳ ಮಡಿಲಲ್ಲಿಟ್ಟಿರುತ್ತೇನೆ. ದಾರಿಯಲ್ಲಿ ಒಂದು ಸಾಲೂ ಓದಿಕೊಂಡು ಬರಬೇಡ. ಬಂದು ಅವಳೆದುರು ನಿಂತುಕೊಂಡು, ನಿನಗೆ ಬರುವ ಹಾಗೆ, ಚೆನ್ನಾಗಿ ಮರೆತುಬಿಡು.

ಕಾಯುತ್ತಿರುವ ನಿನ್ನ,
ಸದಾನಂದ